ಸಹಾಯ ಬೇಕು: ಉಪ್ಪಾಗೆ ಒಣಗಿಸಲು ಕಡಿಮೆ ಸೌದೆಯ ಒಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಹತ್ತಿರದ ಊರು. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಂದರೆ ನೀರು ನಿಂತ ಕಾಡು, ಕೆಸರಿನಿಂದ ಮೇಲೆದ್ದ ಬೇರುಗಳು. ಸಿಂಗಳೀಕಗಳು ಓಡಾಡುವುದು ಈ ಕಾಡಿನ ಮರಗಳ ಮೇಲೆ. ಪಶ್ಚಿಮ ಘಟ್ಟ ಬಿಟ್ಟರೆ ಈ ಮಂಗ ಬೇರೆ ಯಾವ ಕಾಡಿನಲ್ಲೂ ಇಲ್ಲ. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಅದಕ್ಕಾಗಿಯೇ ಮೀಸಲಿಟ್ಟರು.

ತೊಂದರೆ ಉಪ್ಪಾಗೆಯದ್ದು, ಅಂದರೆ ಸಿಪ್ಪೆ ಒಣಗಿಸಿ ಮಾರುವ ಹುಳಿ ಕಾಡುಹಣ್ಣಿನದ್ದು. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು, ನಮಗೂ ಅದೇ ಬೇಕು. ಬೇರೆಯವರು ಕೊಯ್ದುಬಿಡುತ್ತಾರೆ ಅಂತ ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿಯುವವರಿದ್ದಾರೆ. ಹಣ್ಣು ಬರುವುದು ಮಳೆಗಾಲದಲ್ಲಿ, ಬಿಸಿಲಿರುವುದಿಲ್ಲ. ಹಾಗಾಗಿ ಬೆಂಕಿ ಹಾಕಿಯೇ ಸಿಪ್ಪೆ ಒಣಗಿಸಬೇಕು. ಸೌದೆ ಎಲ್ಲಿಂದ? ಅದೇ ಕಾಡಿನಿಂದ. ಸುಮ್ನೆ 'ಕೊಯ್ಯಬೇಡಿ' ಅಂದರೆ ಯಾರೂ ಕೇಳುವುದಿಲ್ಲ, ಮನೆ ಖರ್ಚು ನಡೆಯಬೇಕಲ್ವಾ?

ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆ ಯಾರಾದರೂ ಕಟ್ಟಿಸಿದ್ದೀರಾ? ಎಷ್ಟು ಖರ್ಚಾಯಿತು, ಜೋರು ಮಳೆಯಲ್ಲೂ ನಡೆಯುತ್ತದಾ? ಫೋಟೋ ಇದ್ದರೆ ಹಾಕಿ. ಅಡಿಕೆ ತೋಟದಲ್ಲಿ ಕಸಿ ಉಪ್ಪಾಗೆ ಬೆಳೆದವರಿದ್ದರೆ ಗಿಡ ಎಲ್ಲಿ ಸಿಗುತ್ತದೆ, ಎಷ್ಟು ವರ್ಷಕ್ಕೆ ಫಲ ಬಂತು ಅಂತ ತಿಳಿಸಿ. ತೋಟದಲ್ಲೇ ಸಿಕ್ಕರೆ ಜಡ್ಡಿಯ ಹಣ್ಣು ಸಿಂಗಳೀಕಕ್ಕೆ ಬಿಡಲು ಊರವರನ್ನು ಒಪ್ಪಿಸಬಹುದು. ಮುಂದಿನ ಮಳೆಗಾಲದೊಳಗೆ ಒಂದು ಒಲೆಯಾದರೂ ಕಟ್ಟಬೇಕು ಅಂತಿದ್ದೇವೆ.