ಸಹಾಯ ಬೇಕು: ಪೋಲೆಂಡಿನ ಯೆಲೆನಿಯಾ ಗೂರಾ ಕಣಿವೆಯ ಅರಮನೆಗಳ ದರ್ಶನ

ಎಲ್ಲರಿಗೂ ನಮಸ್ಕಾರ. ಊರಿನಿಂದ ಬರಲಿರುವ ನನ್ನ ತಂದೆ-ತಾಯಿಯವರೊಂದಿಗೆ ವ್ರೊತ್ಸ್ವಾಫ್ ನಗರದಿಂದ ರೈಲಿನಲ್ಲಿ ಯೆಲೆನಿಯಾ ಗೂರಾ ತಲುಪಿ, ಸುತ್ತಲಿನ ಕಾರ್ಕೊನೊಶೆ ಜಿಲ್ಲೆಯ ಹಳ್ಳಿಗಳಲ್ಲಿರುವ ಕೋಟೆ-ಅರಮನೆಗಳನ್ನು ಸಾವಕಾಶವಾಗಿ ನೋಡಬೇಕೆಂದಿದ್ದೇನೆ.

ಆಗ ಈ ಪ್ರದೇಶವನ್ನು ಆಳುತ್ತಿದ್ದ ಜರ್ಮನ್ ರಾಜ್ಯವಾದ ಪ್ರಶ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ 1831ರಲ್ಲಿ ಮಿಸ್ವಾಕೊವಿತ್ಸೆಯ ಅರಮನೆಯನ್ನು ಕೊಂಡು ಬೇಸಿಗೆಯ ಬಿಡಾರ ಮಾಡಿಕೊಂಡನು. ಅದಕ್ಕೂ ಮೊದಲೇ, 1822ರಲ್ಲಿ, ಅವನ ತಮ್ಮ ಕಾರ್ಪ್ನಿಕಿಯ ಅರಮನೆಯನ್ನು ಕೊಂಡಿದ್ದನು. 1839ರಲ್ಲಿ ದೊರೆ ತನ್ನ ಮಗಳು ಲೂಯಿಸಾಳಿಗಾಗಿ ವೊಯಾನೂಫ್ ಅರಮನೆಯನ್ನೂ ಖರೀದಿಸಿದನು. ಒಂದೇ ರಾಜಮನೆತನದ ನೆನಪುಗಳು ಇಷ್ಟು ಹತ್ತಿರದ ಹಳ್ಳಿಗಳಲ್ಲಿ ಹರಡಿಕೊಂಡಿರುವುದೇ ನನ್ನನ್ನು ಅಲ್ಲಿಗೆ ಸೆಳೆಯುತ್ತಿದೆ.

ಮಿಸ್ವಾಕೊವಿತ್ಸೆಯ ಅರಮನೆ ಈಗ ಶಾಲೆಯಾಗಿರುವುದರಿಂದ ಹೊರಗಿನವರಿಗೆ ಒಳಗೆ ಪ್ರವೇಶ ಸಿಗುತ್ತದೆಯೇ? ಬೂಬ್ರ್ ನದಿಯ ಎರಡು ದಡಗಳಲ್ಲಿರುವ ವೊಮ್ನಿತ್ಸಾ ಮತ್ತು ವೊಯಾನೂಫ್ ಅರಮನೆಗಳ ನಡುವೆ ವಯಸ್ಸಾದವರು ನಡೆದು ಹೋಗಬಹುದೇ? ಭಾನುವಾರ ಈ ಹಳ್ಳಿಗಳಿಗೆ ಬಸ್ಸುಗಳನ್ನು ನಂಬಬಹುದೇ, ಅಥವಾ ಬಾಡಿಗೆ ಕಾರೇ ಒಳ್ಳೆಯದೇ?

1675ರಲ್ಲಿ ಸಿಡಿಲಿನ ಬೆಂಕಿಗೆ ಆಹುತಿಯಾದ ಹೊಯ್ನಿಕ್ ಕೋಟೆ 627 ಮೀಟರ್ ಎತ್ತರದ ಗುಡ್ಡದ ಮೇಲಿದೆ. ತಾಯಿಯವರಿಗೆ ಮಂಡಿನೋವು ಇರುವುದರಿಂದ, ಕಡಿದಲ್ಲದ ಹಾದಿ ಯಾವುದೆಂದು ಹತ್ತಿ ಬಂದವರು ದಯವಿಟ್ಟು ತಿಳಿಸಿ. ಉಳಿದುಕೊಳ್ಳಲು ಸಸ್ಯಾಹಾರ ಸಿಗುವ ಸ್ಥಳವನ್ನು ಸೂಚಿಸಿದರೆ ಬಹಳ ಉಪಕಾರವಾಗುತ್ತದೆ.