ಹಳೆ ಪಿಕಪ್‌ನಲ್ಲಿ ಯಾವ ಆಕ್ಸಲ್ ಇದೆ ಅಂತ ತಿಳಿಯೋದು ಹೇಗೆ?

1994ರ ಷೆವರ್ಲೆ ಕೆ1500 ತಗೊಂಡಿದ್ದೇನೆ, ಫೋರ್ ವೀಲ್ ಡ್ರೈವ್. ದೊಡ್ಡ ಟೈರ್ ಹಾಕುವ ಆಸೆ. ಅದಕ್ಕೆ ಮೊದಲು ಹಿಂದಿನ ಆಕ್ಸಲ್‌ನ ರೇಶಿಯೊ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನೋ ಲೆಕ್ಕ) ಎಷ್ಟು, ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಲಾಕ್ ಆಗುತ್ತದಾ ಇಲ್ವಾ ಗೊತ್ತಾಗಬೇಕು. ಮಾರಿದವರಿಗೂ ಗೊತ್ತಿಲ್ಲವಂತೆ. ನೀವೆಲ್ಲ ಹೇಗೆ ಪತ್ತೆ ಮಾಡಿದಿರಿ?

*

ಗ್ಲೋವ್ ಬಾಕ್ಸ್ ತೆಗೆದು ನೋಡಿ ಸರ್. ಮೂರು ಮೂರು ಅಕ್ಷರದ ಕೋಡ್‌ಗಳು ತುಂಬಿದ ಸ್ಟಿಕ್ಕರ್ ಇರುತ್ತದೆ. ಜಿಯು4 ಅಂದ್ರೆ 3.08, ಜಿಯು6 ಅಂದ್ರೆ 3.42, ಜಿಟಿ4 ಆದರೆ 3.73, ಜಿಟಿ5 ಆದರೆ 4.10. ಜಿ80 ಅಂತಲೂ ಇದ್ದರೆ ಲಾಕ್ ಆಗುವ ಡಿಫರೆನ್ಶಿಯಲ್. ನನ್ನದು ಫೋರ್ಡ್. ಅದರಲ್ಲಿ ಬಾಗಿಲ ಚೌಕಟ್ಟಿನ ಲೇಬಲ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಹಿಂದಿನ ಹೌಸಿಂಗ್‌ನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆಯಲ್ಲಿ 3ಎಲ್73 ಅಂತ ನಡುವೆ ಎಲ್ ಬಂದರೆ ಲಿಮಿಟೆಡ್ ಸ್ಲಿಪ್, ಅಂದ್ರೆ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫರೆನ್ಶಿಯಲ್.

*

ಸ್ಟಿಕ್ಕರ್ ಹೇಳೋದು ಗಾಡಿ ಫ್ಯಾಕ್ಟರಿಯಿಂದ ಹೊರಟ ದಿನದ ಕಥೆ. ಆಮೇಲೆ ಯಾರು ಏನು ಬದಲಾಯಿಸಿದರೋ! ನನ್ನ ಗಾಡಿಯ ಸ್ಟಿಕ್ಕರ್‌ನಲ್ಲಿ 3.42 ಇತ್ತು. ಫೋರ್ ವೀಲ್ ಹಾಕಿದರೆ ಮಾತ್ರ ಯಾರೋ ಹಿಡಿದು ಎಳೆದ ಹಾಗೆ ಆಗುತ್ತಿತ್ತು. ನೋಡಿದರೆ ಹಿಂದಿನ ಆಕ್ಸಲ್ ಪೂರ್ತಿ ಬೇರೆ ಗಾಡಿಯದ್ದು, 3.73. ಮುಂದೆ ಹಿಂದೆ ಒಂದೇ ರೇಶಿಯೊ ಇರಬೇಕು, ಇಲ್ಲದಿದ್ದರೆ ಒಂದರ ಜೊತೆ ಒಂದು ಜಗ್ಗಾಡುತ್ತವೆ.

ಅದಕ್ಕೇ ಎಣಿಸಿ ನೋಡಿ. ಸಮತಟ್ಟಾದ ನೆಲ, ಮುಂದಿನ ಚಕ್ರಗಳಿಗೆ ಅಡ್ಡಗಲ್ಲು. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಟೂ ವೀಲ್‌ನಲ್ಲಿಟ್ಟು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಪ್ರೊಪೆಲ್ಲರ್ ಶಾಫ್ಟಿಗೆ (ಗೇರ್ ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದದ ದಂಡ) ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತೋ ಅದನ್ನು 10ರಿಂದ ಭಾಗಿಸಿ. ಒಂದು ಚಕ್ರ ನೆಲಕ್ಕೆ ಕಚ್ಚಿಕೊಂಡಿರುವಾಗ ಇನ್ನೊಂದರ ಎರಡು ಸುತ್ತಿಗೆ ಕ್ರೌನ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲಿನ ಗೇರ್) ತಿರುಗೋದು ಒಂದೇ ಸುತ್ತು, ಲೆಕ್ಕ ಅಷ್ಟೇ. ಎರಡೇ ಸುತ್ತಿಗೆ ನಿಲ್ಲಿಸಿದರೆ 3.42 ಯಾವುದು, 3.55 ಯಾವುದು ಗೊತ್ತೇ ಆಗಲ್ಲ.

*

ಎರಡೂ ಚಕ್ರ ಎತ್ತಿ ತಿರುಗಿಸಿ, ಎರಡೂ ಒಂದೇ ದಿಕ್ಕಿಗೆ ಹೋದರೆ ಲಿಮಿಟೆಡ್ ಸ್ಲಿಪ್ ಅಂತ ಹೇಳುವವರು ಜಾಸ್ತಿ. ಜಿ80ಗೆ ಅದನ್ನು ನಂಬಬೇಡಿ. ಒಂದು ಚಕ್ರ ಇನ್ನೊಂದಕ್ಕಿಂತ ತುಂಬಾ ಜೋರಾಗಿ ತಿರುಗಿದಾಗಲೇ ಅದು ಲಾಕ್ ಆಗೋದು. ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಸಾದಾ ಡಿಫರೆನ್ಶಿಯಲ್ ಥರವೇ ನಡೆದುಕೊಳ್ಳಬಹುದು. ಖಚಿತ ಆಗಬೇಕಂದ್ರೆ ಡಿಫರೆನ್ಶಿಯಲ್‌ನ ಕವರ್ ಬಿಚ್ಚಬೇಕು. ಕ್ರೌನ್ ಮೇಲೆ ಹಲ್ಲಿನ ಲೆಕ್ಕ ಹೊಡೆದಿರುತ್ತಾರೆ. 41 ಮತ್ತು 11 ಅಂತಿದ್ದರೆ 41ನ್ನು 11ರಿಂದ ಭಾಗಿಸಿ, 3.73.

ಆದರೆ ಮೊದಲು ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚುತ್ತದಾ ನೋಡಿಕೊಳ್ಳಿ! ಎಣ್ಣೆ ಪೂರ್ತಿ ಸುರಿದ ಮೇಲೆ ತುಂಬುವ ದಾರಿ ಇಲ್ಲದೆ ಒಂದು ಭಾನುವಾರವೆಲ್ಲ ಗಾಡಿ ಕೆಳಗೇ ಕಳೆದಿದ್ದೇನೆ.

*

ಎಣಿಸಿದೆ, 37 ದಾಟಿ ಚೂರು ಬಂತು. ಸ್ಟಿಕ್ಕರ್‌ನಲ್ಲೂ ಜಿಟಿ4 ಇದೆ, ಜಿ80 ಇರುವ ಜಾಗ ಹರಿದುಹೋಗಿದೆ. ಕವರ್ ಬಿಚ್ಚೋಣ ಅಂದ್ರೆ ಪ್ಲಗ್ ಜಪ್ಪಯ್ಯ ಅಂದ್ರೂ ಕದಲುತ್ತಿಲ್ಲ. ಸದ್ಯ, ಎಣ್ಣೆ ಇನ್ನೂ ಒಳಗೇ ಇದೆ.