ಅನುಭವ ಹಂಚಿಕೆ: ಪ್ರೀತಿ ಇದೆ, ಗೌರವ ಮಾತ್ರ ಕಡಿಮೆಯಾಗುತ್ತಿದೆ ಎನಿಸಿದಾಗ ಏನು ಮಾಡಬೇಕು?

ಪ್ರಶ್ನೆ ಕೇಳಿದವರು:

ವಯಸ್ಸಾದ ತಂದೆಯವರ ಆರೈಕೆಯನ್ನು ನಾನು ಮತ್ತು ನನ್ನ ತಮ್ಮ ಹಂಚಿಕೊಂಡಿದ್ದೇವೆ. ನಮ್ಮ ನಡುವೆ ಪ್ರೀತಿಗೆ ಕೊರತೆಯಿಲ್ಲ. ಒಬ್ಬರಿಗೆ ಕಷ್ಟ ಬಂದರೆ ಇನ್ನೊಬ್ಬರು ಓಡಿ ಬರುತ್ತೇವೆ. ಆದರೆ ವೈದ್ಯರನ್ನು ಬದಲಾಯಿಸುವುದು, ನೋಡಿಕೊಳ್ಳುವವರನ್ನು ಗೊತ್ತುಮಾಡುವುದು, ಹಣದ ಏರ್ಪಾಡು, ಎಲ್ಲವನ್ನೂ ಅವನು ತೀರ್ಮಾನಿಸಿದ ಮೇಲೆಯೇ ನನಗೆ ತಿಳಿಸುತ್ತಾನೆ. ನಾನು ಮಾತನಾಡುವಾಗ ಅವನ ಕಣ್ಣು ಫೋನಿನ ಮೇಲಿರುತ್ತದೆ. ನೆಂಟರ ಎದುರಿಗೆ "ಅಕ್ಕನಿಗೆ ಇದೆಲ್ಲ ತಿಳಿಯುವುದಿಲ್ಲ" ಎಂದುಬಿಡುತ್ತಾನೆ. "ನನಗೂ ಸ್ವಲ್ಪ ಗೌರವ ಕೊಡು" ಎಂದಾಗಲೆಲ್ಲ ಮಾತು ಜಗಳಕ್ಕೆ ತಿರುಗಿದೆ. ಈಚೆಗೆ ಅವನು ಹೇಳುವುದನ್ನು ಕೇಳಿಸಿಕೊಳ್ಳಲು ನನಗೂ ಮನಸ್ಸು ಬರುತ್ತಿಲ್ಲ. ಇಂಥ ಸ್ಥಿತಿಯನ್ನು ದಾಟಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಅಣ್ಣನೊಂದಿಗೆ ತಾಯಿಯ ಆರೈಕೆ ಮಾಡಿದ ಒಬ್ಬರು:

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು "ತೀರ್ಮಾನಿಸಿದ ಮೇಲೆಯೇ" ಎಂಬ ಮಾತು. ಫೋನು, ನೆಂಟರ ಎದುರಿನ ಮಾತು ಇವೆಲ್ಲ ನೋವು ತರುವುದು ನಿಜವಾದರೂ, ಗೌರವ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಕಾಣುವುದು ಒಂದು ತೀರ್ಮಾನ ಆಗುವ ಮುಂಚೆ ಯಾರನ್ನು ಕೇಳಲಾಯಿತು ಎಂಬುದರಲ್ಲಿ ಎಂದು ನಾನು ನಂಬಿದ್ದೇನೆ. ನನ್ನ ಅಣ್ಣ ಎಂದೂ ಒರಟಾಗಿ ಮಾತನಾಡಿದವನಲ್ಲ. ಬಹಳ ಮೃದುವಾಗಿ, ನಗುನಗುತ್ತಲೇ, ಎಲ್ಲ ಮುಗಿದ ಮೇಲೆ ವಿಷಯ ತಿಳಿಸುತ್ತಿದ್ದ. ಆ ಮೃದುತ್ವದಿಂದ ನನಗೆ ಸಮಾಧಾನವೇನೂ ಸಿಗಲಿಲ್ಲ.

"ಗೌರವ ಕೊಡು" ಎಂಬ ಬೇಡಿಕೆಯಿಂದ ಜಗಳವೇ ಹುಟ್ಟುವುದಕ್ಕೆ ಕಾರಣವಿದೆ. ಕೇಳಿಸಿಕೊಂಡವರಿಗೆ ಅದು "ನೀನು ಒಳ್ಳೆಯವನಲ್ಲ" ಎಂಬ ಆಪಾದನೆಯಂತೆ ಕೇಳುತ್ತದೆ. ಮೇಲಾಗಿ, ನಾಳೆ ಬೆಳಿಗ್ಗೆ ಎದ್ದು ಏನನ್ನು ಬೇರೆ ರೀತಿಯಲ್ಲಿ ಮಾಡಬೇಕು ಎಂಬುದು ಅದರಿಂದ ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ನಾನು ಅಣ್ಣನಿಗೆ ಇಷ್ಟನ್ನೇ ಬರೆದು ಕಳುಹಿಸಿದೆ: "ಅಮ್ಮನ ಔಷಧಿಯನ್ನಾಗಲಿ ವೈದ್ಯರನ್ನಾಗಲಿ ಬದಲಾಯಿಸುವ ಮೊದಲು ನನಗೊಂದು ಮಾತು ತಿಳಿಸು. ಅದೇ ದಿನ ಉತ್ತರ ಕೊಡುತ್ತೇನೆ. ಸಂಜೆಯೊಳಗೆ ನನ್ನಿಂದ ಉತ್ತರ ಬರದಿದ್ದರೆ ನಿನಗೆ ಸರಿ ಕಂಡಂತೆ ಮಾಡು." ಇದರಲ್ಲಿ ಕೆಲಸ ಮಾಡಿದ್ದು ಮೂರನೆಯ ವಾಕ್ಯ. ನನ್ನನ್ನು ಕೇಳುತ್ತ ಕುಳಿತರೆ ಚಿಕಿತ್ಸೆ ತಡವಾಗುತ್ತದೆ ಎಂಬ ಭಯ ಅವನಿಗಿತ್ತು. ಆ ಭಯಕ್ಕೆ ನಾನು ಬೆಲೆ ಕೊಟ್ಟಿದ್ದೇನೆ ಎಂಬುದು ಆ ವಾಕ್ಯದಿಂದ ಅವನಿಗೆ ಅರ್ಥವಾಯಿತು. ಅಣ್ಣ ಒಮ್ಮೆಲೇ ಬದಲಾದ ಎಂದು ಹೇಳಲಾರೆ. ಹಲವು ಸಲ ಮರೆತ, ನಾನು ನೆನಪಿಸಿದೆ, ಕ್ರಮೇಣ ರೂಢಿಯಾಯಿತು.

ಇದು ನನ್ನೊಬ್ಬನ ಅನಿಸಿಕೆಯೂ ಅಲ್ಲ. 1990ರಲ್ಲಿ ಅಲನ್ ಲಿಂಡ್, ರೂತ್ ಕ್ಯಾನ್‌ಫರ್ ಮತ್ತು ಕ್ರಿಸ್ಟೋಫರ್ ಅರ್ಲಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಕೆಲಸಕ್ಕೆ ಗುರಿ ನಿಗದಿ ಮಾಡುವಾಗ ಕೆಲವರ ಅಭಿಪ್ರಾಯವನ್ನು ಮುಂಚೆಯೇ ಕೇಳಲಾಯಿತು, ಕೆಲವರದನ್ನು ಗುರಿ ನಿಗದಿಯಾದ ಮೇಲೆ ಕೇಳಲಾಯಿತು, ಇನ್ನು ಕೆಲವರನ್ನು ಕೇಳಲೇ ಇಲ್ಲ. ಮುಂಚೆಯೇ ಅಭಿಪ್ರಾಯ ಹೇಳಲು ಅವಕಾಶ ಸಿಕ್ಕವರಿಗೆ ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರು ಎಂಬ ಭಾವನೆ ಎಲ್ಲರಿಗಿಂತ ಹೆಚ್ಚಾಗಿತ್ತು; ಆಮೇಲೆ ಅವಕಾಶ ಸಿಕ್ಕವರಿಗೂ, ಅವಕಾಶವೇ ಸಿಗದವರಿಗಿಂತ ಆ ಭಾವನೆ ಹೆಚ್ಚಾಗಿಯೇ ಇತ್ತು. ಹಾಗಾಗಿ ನಿಮ್ಮ ತಮ್ಮ ಈಗಾಗಲೇ ಮಾಡಿಬಿಟ್ಟ ತೀರ್ಮಾನಗಳ ಬಗೆಗೂ ನೀವಿಬ್ಬರು ಕುಳಿತು ಮಾತನಾಡುವುದು ವ್ಯರ್ಥವಲ್ಲ. ಆದರೆ ಒಂದು ಎಚ್ಚರಿಕೆಯಿರಲಿ. ಕೇಳುವ ಶಾಸ್ತ್ರ ಮುಗಿಸಿ, ಹೇಳಿದ್ದನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ, ಕೇಳದೇ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ನೀವು ಅವನ ಅಭಿಪ್ರಾಯ ಕೇಳುವಾಗಲೂ ಇದು ಅನ್ವಯಿಸುತ್ತದೆ.

ಕುಟುಂಬ ಸಮಾಲೋಚನೆಯ ಕೆಲಸ ಮಾಡುವ ಒಬ್ಬರು:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನೆಂಟರ ಎದುರಿನ ಮಾತನ್ನು ಅಷ್ಟು ಹಗುರವಾಗಿ ಬಿಡಲಾರೆ. ದೂರುವುದು ಬೇರೆ, ಕೀಳಾಗಿ ಕಾಣುವುದು ಬೇರೆ. "ನೀನು ಬಿಲ್ಲನ್ನು ಎಲ್ಲಿಟ್ಟೆ ಎಂದು ಹೇಳಲಿಲ್ಲ" ಎಂಬುದು ದೂರು. "ಅಕ್ಕನಿಗೆ ಇದೆಲ್ಲ ತಿಳಿಯುವುದಿಲ್ಲ" ಎಂಬುದು ನಿಮ್ಮನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವ ಮಾತು. ದಾಂಪತ್ಯಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಅವರು ಸಂಬಂಧವನ್ನು ಕೆಡಿಸುವ ನಾಲ್ಕು ವರ್ತನೆಗಳನ್ನು ಗುರುತಿಸಿದ್ದಾರೆ: ವ್ಯಕ್ತಿತ್ವದ ಮೇಲಿನ ಟೀಕೆ, ತಿರಸ್ಕಾರ, ಸದಾ ಸಮರ್ಥಿಸಿಕೊಳ್ಳುವುದು, ಮಾತೇ ನಿಲ್ಲಿಸಿ ಗೋಡೆಯಂತಾಗುವುದು. ಈ ನಾಲ್ಕರಲ್ಲಿ ವಿಚ್ಛೇದನದ ಅತ್ಯಂತ ಪ್ರಬಲ ಸೂಚನೆಯಾಗಿ ಅವರು ಕಂಡದ್ದು ತಿರಸ್ಕಾರವನ್ನು. ಅವರ ಅಧ್ಯಯನ ಗಂಡ ಹೆಂಡಿರದ್ದು, ಒಡಹುಟ್ಟಿದವರದ್ದಲ್ಲ. ಆದರೂ ನನ್ನ ಮುಂದೆ ಬಂದು ಕುಳಿತ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ಮನಸ್ಸು ಮುರಿದದ್ದು ಹೆಚ್ಚಾಗಿ ಇಂಥ ಒಂದು ವಾಕ್ಯದಿಂದಲೇ, ಅದನ್ನು ನಾಲ್ಕು ಜನರ ನಡುವೆ ಆಡಿದ್ದರಿಂದಲೇ.

ನೆಂಟರ ಎದುರಿಗೆ ಉತ್ತರ ಕೊಡಬೇಡಿ. ಹಾಗೆಂದು ನುಂಗಿಕೊಳ್ಳಲೂಬೇಡಿ. ಅದೇ ದಿನ, ಇಬ್ಬರೇ ಇರುವಾಗ, ಅವನು ಆಡಿದ ಮಾತನ್ನು ಅವನದೇ ಪದಗಳಲ್ಲಿ ಹೇಳಿ, "ಅದರಿಂದ ನನಗೆ ನೋವಾಯಿತು, ನನ್ನ ಅಭಿಪ್ರಾಯ ತಪ್ಪೆನಿಸಿದರೆ ನನ್ನೊಬ್ಬಳಿಗೇ ಹೇಳು" ಎನ್ನಿ. ಹಳೆಯ ಪಟ್ಟಿಯನ್ನು ತೆಗೆಯಬೇಡಿ.

ಇನ್ನೊಂದು ಮಾತು. ಸ್ಟೀಫನ್ ಡಾರ್ವಾಲ್ ಎಂಬ ತತ್ತ್ವಜ್ಞಾನಿ 1977ರಲ್ಲಿ ಗೌರವವನ್ನು ಎರಡು ಬಗೆಯಾಗಿ ಬಿಡಿಸಿ ತೋರಿಸಿದರು. ಒಂದು, ಎದುರಿಗಿರುವುದು ನಮ್ಮಂತೆಯೇ ಒಬ್ಬ ಮನುಷ್ಯ ಎಂಬುದನ್ನು ಗಣನೆಗೆ ತೆಗೆದುಕೊಂಡು ನಡೆಯುವುದು. ಇನ್ನೊಂದು, ಅವರ ಗುಣವನ್ನೋ ಸಾಮರ್ಥ್ಯವನ್ನೋ ಕಂಡು ಮೆಚ್ಚುವುದು. ಎರಡನೆಯದನ್ನು ಗಳಿಸಬೇಕಾಗುತ್ತದೆ, ಮೊದಲನೆಯದನ್ನು ಯಾರೂ ಗಳಿಸಬೇಕಾಗಿಲ್ಲ. ವೈದ್ಯಕೀಯ ವಿಷಯಗಳಲ್ಲಿ ನಿಮ್ಮ ತಮ್ಮನಿಗೆ ನಿಮಗಿಂತ ಹೆಚ್ಚು ತಿಳಿದಿರಬಹುದು, ಆ ವಿಷಯದಲ್ಲಿ ಅವನು ನಿಮ್ಮನ್ನು ಮೆಚ್ಚದೆಯೂ ಇರಬಹುದು. ಆದರೂ ಮಗಳಾಗಿ ನಿಮಗೆ ವಿಷಯ ತಿಳಿಯುವ, ಅಭಿಪ್ರಾಯ ಹೇಳುವ ಹಕ್ಕು ಅದರಿಂದ ಕಡಿಮೆಯಾಗುವುದಿಲ್ಲ. ಹಾಗೆಯೇ, ನೀವು ಈಗ ಅವನನ್ನು ಮೆಚ್ಚಲಾರದೆ ಹೋದರೂ ಅವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ನಿಮ್ಮಿಂದ ಸಾಧ್ಯ. ಪರಸ್ಪರ ಗೌರವವನ್ನು ಮತ್ತೆ ಕಟ್ಟುವಾಗ ಮೆಚ್ಚುಗೆ ಬರಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ.

ಇಬ್ಬರು ತಮ್ಮಂದಿರಿರುವ ಒಬ್ಬರು:

ಫೋನಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಅವನು ಫೋನು ಹಿಡಿದಿರುವಾಗ ಮುಖ್ಯವಾದ ಮಾತನ್ನು ಆರಂಭಿಸಬೇಡಿ. "ಅಪ್ಪನ ವಿಷಯ ಮಾತನಾಡಬೇಕು, ನಿನಗೆ ಯಾವಾಗ ಬಿಡುವು?" ಎಂದು ಕೇಳಿ, ಅವನು ಹೇಳಿದ ಸಮಯಕ್ಕೆ ನೀವೂ ನಿಮ್ಮ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ. ಸಮಯ ಕೇಳುವುದೂ ಒಂದು ಗೌರವವೇ, ಅದು ನಿಮ್ಮಿಂದ ಆರಂಭವಾದರೆ ಕಳೆದುಕೊಳ್ಳುವುದೇನಿಲ್ಲ.

ನಿವೃತ್ತ ಶುಶ್ರೂಷಕಿ:

ಇಷ್ಟು ಮಾತುಗಳ ನಡುವೆ ತಂದೆಯವರ ಅಭಿಪ್ರಾಯವೇನು ಎಂದು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಕಳವಳವಾಯಿತು. ವಾರ್ಡಿನಲ್ಲಿ ಈ ದೃಶ್ಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ವೈದ್ಯರು ಹಾಸಿಗೆಯ ಬಳಿ ನಿಂತು "ನೋವು ಹೇಗಿದೆ?" ಎಂದು ಹಿರಿಯರನ್ನು ಕೇಳುತ್ತಾರೆ, ಅವರು ಬಾಯಿ ತೆರೆಯುವಷ್ಟರಲ್ಲಿ ಮಗನೋ ಮಗಳೋ "ರಾತ್ರಿ ನಿದ್ದೆ ಮಾಡಲಿಲ್ಲ ಡಾಕ್ಟರೇ" ಎಂದು ಉತ್ತರಿಸುತ್ತಾರೆ, ಹಿರಿಯರು ತೆರೆದ ಬಾಯಿಯನ್ನು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ. ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದವರನ್ನು ನಾನು ಕಾಣಲಿಲ್ಲ. ಕಾಳಜಿಯಿಂದಲೇ ಮಾಡುತ್ತಾರೆ, ಅದಕ್ಕೇ ಅದನ್ನು ತಿದ್ದುವುದು ಕಷ್ಟ. ವಿಶ್ವಸಂಸ್ಥೆಯು 1991ರಲ್ಲಿ ಹಿರಿಯರಿಗಾಗಿ ಅಂಗೀಕರಿಸಿದ ತತ್ತ್ವಗಳು ಆರೈಕೆಯ ಜೊತೆಯಲ್ಲೇ ಸ್ವಾತಂತ್ರ್ಯವನ್ನು, ಭಾಗವಹಿಸುವಿಕೆಯನ್ನು ಮತ್ತು ಘನತೆಯನ್ನು ಹೆಸರಿಸುತ್ತವೆ. ಆರೈಕೆಯನ್ನು ಒಪ್ಪವಾಗಿ ಮಾಡಿ ಉಳಿದವನ್ನು ಮರೆಯುವ ಕುಟುಂಬಗಳೇ ಹೆಚ್ಚು.

ನಿಮ್ಮ ತಂದೆಯವರಿಗೆ ತಿಳಿಯುವ, ಹೇಳುವ ಶಕ್ತಿ ಇದ್ದರೆ, ಯಾವ ವೈದ್ಯರು ಬೇಕು, ಯಾರು ಸ್ನಾನ ಮಾಡಿಸಬೇಕು ಎಂಬುದನ್ನು ಮೊದಲು ಅವರನ್ನೇ ಕೇಳಿ, ಅಕ್ಕತಮ್ಮಂದಿರಿಬ್ಬರೂ ಎದುರಿಗೆ ಕುಳಿತು ಕೇಳಿ. ಉತ್ತರಕ್ಕೆ ತಡವಾದರೆ ಕಾಯಿರಿ. ನಿಮ್ಮಿಬ್ಬರಲ್ಲಿ ಯಾರ ಮಾತು ನಡೆಯಬೇಕು ಎಂಬ ಎಷ್ಟೋ ಜಗಳಗಳು, ಮಾತು ಅವರದ್ದು ಎಂದಾಗ ಅಲ್ಲಿಗೇ ನಿಲ್ಲುತ್ತವೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಅಪ್ಪ ಸ್ಪಷ್ಟವಾಗಿ ಮಾತನಾಡಬಲ್ಲರು. ಹೊಸ ವೈದ್ಯರ ಬಗ್ಗೆ ಈ ವಾರ ಇಬ್ಬರೂ ಸೇರಿ ಅವರನ್ನೇ ಕೇಳೋಣ ಎಂದು ತಮ್ಮನಿಗೆ ಬರೆದಿದ್ದೇನೆ. "ಸರಿ" ಎಂದು ಉತ್ತರ ಬಂದಿದೆ. ಒಂದು ಸಂದೇಹ ಉಳಿದಿದೆ. ನಾನು ಇಷ್ಟೆಲ್ಲ ಮಾಡಿಯೂ ಅವನು ಬದಲಾಗದಿದ್ದರೆ?

ಆಸ್ತಿಯ ವ್ಯಾಜ್ಯವನ್ನು ದಾಟಿ ಬಂದ ಒಬ್ಬರು:

ಈ ಸಂದೇಹ ನ್ಯಾಯವಾದದ್ದು. ಪರಸ್ಪರ ಎಂದ ಮಾತ್ರಕ್ಕೆ ಇಬ್ಬರೂ ಒಂದೇ ದಿನ ಆರಂಭಿಸುತ್ತಾರೆ ಎಂದೇನಿಲ್ಲ; ಒಬ್ಬರು ಮುಂದಾಗಬೇಕಾಗುತ್ತದೆ, ಸ್ವಲ್ಪ ಕಾಲ ಒಂಟಿಯಾಗಿಯೇ ನಡೆಯಬೇಕಾಗುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಮರೆವು, ಅವಸರ, ಹಳೆಯ ಅಭ್ಯಾಸ ಇವುಗಳಿಗೆ ತಾಳ್ಮೆ ತೋರಿಸಿ. ಬೈಗುಳ, ಬೆದರಿಕೆ ಅಥವಾ ತಂದೆಯವರ ಹಣವನ್ನು ಮರೆಮಾಚುವುದು ಕಂಡುಬಂದರೆ ತಾಳ್ಮೆಯ ಮಾತು ಅಲ್ಲಿಗೆ ಮುಗಿಯಿತು. ಆಗ ಇಬ್ಬರೂ ನಂಬುವ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಳ್ಳಿ, ಅಗತ್ಯವಾದರೆ ವಕೀಲರನ್ನು ಕಾಣಿ. ಸಹಿಸಿಕೊಂಡೇ ಹೋಗುವುದನ್ನು ಗೌರವ ಎಂದು ತಿಳಿದ ಕೆಲವರು ಮನೆಯನ್ನೂ ಆರೋಗ್ಯವನ್ನೂ ಕಳೆದುಕೊಂಡದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ತಮ್ಮ ಅಂಥವನೆಂದು ನಿಮ್ಮ ಪತ್ರದಿಂದ ತೋರುವುದಿಲ್ಲ. ಆದರೂ ಹಣದ ಲೆಕ್ಕವನ್ನು ಈಗಿನಿಂದಲೇ ಇಬ್ಬರೂ ಯಾವಾಗ ಬೇಕಾದರೂ ತೆರೆದು ನೋಡಬಹುದಾದ ಒಂದೇ ಪುಸ್ತಕದಲ್ಲಿ ಬರೆದಿಡಿ. ತಂದೆಯವರ ಹಣದಿಂದ ಆದ ಖರ್ಚು ಒಂದು ಪುಟದಲ್ಲಿ, ನೀವಿಬ್ಬರು ಹಾಕಿದ್ದು ಇನ್ನೊಂದು ಪುಟದಲ್ಲಿ ಇರಲಿ. ಅವನು ಇದುವರೆಗೆ ಕೈಯಿಂದ ಹಾಕಿದ್ದೇನಾದರೂ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ, ಅವನನ್ನು ಕೇಳಿ, ನೀವೇ ಬರೆಯಿರಿ.